ಬೇಡ ಅಂದವನು ಅಣ್ಣನಲ್ಲ

ಅತ್ತಿಗೆ, ಅವತ್ತು ಪ್ರಿಂಟರ್ ಕೆಟ್ಟಿರಲಿಲ್ಲ. ಇನ್ವರ್ಟರ್ ಸುಟ್ಟುಹೋಗಿರಲಿಲ್ಲ. ಬ್ಯಾಟರಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಕಿತ್ತವನು ನಾನು. ನೀನು ಹೂವು ತೆಗೆದುಕೊಳ್ಳಲು ಆಂಡರ್ಸನ್‌ಪೇಟೆಯಲ್ಲಿ ಇಳಿದೆಯಲ್ಲ, ಆಗ — ಗಾಡಿಯ ಹಿಂದಿನ ಹಲಗೆಯ ಕೆಳಗೆ ಕೈ ಹಾಕಿ ಎಳೆದುಬಿಟ್ಟೆ.

ಬರೆದಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತಿದೆ! ಒಂದು ಕ್ಲಿಪ್ಪು, ಒಂದು ವೈರು. ಇಷ್ಟಕ್ಕೆ ಈ ಮಹಾಶಯ ಇಷ್ಟು ವರ್ಷ ಒದ್ದಾಡಿದನೇ ಎಂದು ಓದಿದವರು ನಗಬಹುದು. ನೀನು ನಗುವುದಿಲ್ಲ ಎಂದು ಗೊತ್ತು. ನನ್ನ ಹೆದರಿಕೆಯೂ ಅದೇ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಗೊತ್ತಿರುವುದರ ನಡುವೆ ಎಲ್ಲೋ ಗೊತ್ತಿಲ್ಲದ್ದು ಕೂತಿದೆ — ನೇರವಾಗಿ ಅಲ್ಲಿಗೇ ಹೋಗೋಣವೆಂದರೆ ನನಗೆ ಧೈರ್ಯ ಸಾಲುತ್ತಿಲ್ಲ. ಸುತ್ತಿ ಬಳಸಿ ಬರುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ನೀನು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಮೂರನೇ ಕ್ಲಾಸು. ಅಮ್ಮ ಇಲ್ಲದ ಮನೆ, ಅಪ್ಪ ಇದ್ದೂ ಇಲ್ಲದಂತಿದ್ದ ಮನೆ. ಅಣ್ಣನೇ ಬೇಯಿಸಿ ಹಾಕುತ್ತಿದ್ದ. ಹೊಸ ಹೆಂಗಸು ಬಂದಳೆಂದು ನಾನು ಮಂಚದ ಕೆಳಗೆ ಸೇರಿಕೊಂಡು ಸಂಜೆಯವರೆಗೂ ಹೊರಗೆ ಬರಲಿಲ್ಲ. ನೀನು ಕರೆಯಲಿಲ್ಲ, ಎಳೆಯಲಿಲ್ಲ. ಒಂದು ನಿಪ್ಪಟ್ಟನ್ನು ಮಂಚದ ಕೆಳಗೆ ತಳ್ಳಿ ಹೋದೆ. ಅದು ಮುಗಿದ ಮೇಲೆ ಇನ್ನೊಂದು ಬಂತು, ಮೊದಲಿನದಕ್ಕಿಂತ ಒಂದು ಗೇಣು ಆಚೆಗೆ. ಹಾಗೇ ಗೇಣು ಗೇಣು ಆಚೆ ಇಡುತ್ತಾ ಅಡುಗೆಮನೆಯವರೆಗೂ ನನ್ನನ್ನು ಬರಮಾಡಿಕೊಂಡೆ. ಆಮೇಲೆ ಯಾವತ್ತಾದರೂ ನಾನು ನಿನ್ನ ಸೆರಗು ಬಿಟ್ಟಿದ್ದುಂಟೇ? ನಿನಗೆ ಮಕ್ಕಳಾಗಲಿಲ್ಲ. ಬೇತಮಂಗಲದ ಸಂತೆಯಲ್ಲಿ ಯಾರೋ ಅದನ್ನು ಎತ್ತಿ ಆಡಿದಾಗ ನೀನು, "ಇವ್ನಿಲ್ವಾ? ನನ್ನೊಟ್ಟೇಲಿ ಉಟ್ಲಿಲ್ಲ ಅಷ್ಟೇಯ," ಎಂದು ನನ್ನ ತಲೆಯ ಮೇಲೆ ಕೈ ಇಟ್ಟೆ. ಆಗ ನನಗೆ ಮೀಸೆ ಚಿಗುರುತ್ತಿತ್ತು. ಸಂತೆಯ ನಡುವೆ ನಾಚಿಕೆಯಾಯಿತು — ಮನೆಗೆ ಬಂದು ಹಿತ್ತಲಲ್ಲಿ ನಿಂತು ಅತ್ತೆ. ಇದನ್ನೂ ನಿನಗೆ ಹೇಳಿರಲಿಲ್ಲ.

ಗಾಡಿ ಅಣ್ಣನ ಕನಸು. ಅವನು ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನೋಡುತ್ತಿದ್ದನಂತೆ — ಹಳ್ಳಿಯವರು ಒಂದು ಪಹಣಿ, ಒಂದು ಆಧಾರ್ ಪ್ರತಿಗೋಸ್ಕರ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು, ಕರೆಂಟಿಲ್ಲ ಎನ್ನಿಸಿಕೊಂಡು ವಾಪಸ್ ಹೋಗುತ್ತಿದ್ದರು. "ಜನ ಯಾಕೆ ಕಾಗ್ದದ ಅತ್ರ ಬರ್ಬೇಕು? ಕಾಗ್ದಾನೇ ಜನದತ್ರ ಓಗ್ಲಿ," ಎಂದು ಹಳೇ ಓಮ್ನಿಯೊಂದನ್ನು ತಂದು ನಿಲ್ಲಿಸಿದ. ಹಿಂದಿನ ಸೀಟು ಕಿತ್ತು ಹಲಗೆ ಬಡಿದ. ಹಲಗೆಯ ಮೇಲೆ ಪ್ರಿಂಟರನ್ನು ಸೈಕಲ್ ಟ್ಯೂಬಿನಿಂದ ಬಿಗಿದ. ಕೆಳಗೆ ಬ್ಯಾಟರಿ, ಇನ್ವರ್ಟರು. ಅದನ್ನು ಜೋಡಿಸಿಕೊಟ್ಟವನು ಆಂಡರ್ಸನ್‌ಪೇಟೆಯ ಬ್ಯಾಟರಿ ಅಂಗಡಿಯ ಮುರುಗೇಶಣ್ಣ. ಅಣ್ಣ ಸ್ಟೇರಿಂಗಿಗೆ, ನೀನು ಪ್ರಿಂಟರಿಗೆ. ಊರುಗಳಿಂದ ಫೋನಿಗೆ ಕಾಗದಗಳು ಬರುತ್ತಿದ್ದವು, ಗಾಡಿ ಓಡುತ್ತಿರುವಾಗಲೇ ನೀನು ಪ್ರಿಂಟ್ ತೆಗೆಯುತ್ತಿದ್ದೆ, ಅರಳಿಕಟ್ಟೆ ಮುಟ್ಟುವ ಹೊತ್ತಿಗೆ ಪ್ರತಿ ಬಿಸಿಬಿಸಿಯಾಗಿ ಅವರ ಕೈಯಲ್ಲಿ.

ಓಡುವ ಗಾಡಿಯಲ್ಲಿ ಪ್ರಿಂಟ್ ತೆಗೆಯುವುದೆಂದರೆ ಹುಡುಗಾಟವಲ್ಲ. ಒಂದು ಹಂಪ್ ಹಾರಿದರೆ ಕಾಗದ ಒಳಗೇ ಮುದುಡಿಕೊಳ್ಳುತ್ತದೆ. ನಿನಗೆ ರಸ್ತೆಯೆಲ್ಲಾ ಬಾಯಿಪಾಠ. ಊರಿಗಾಂ ದಾಟಿದ ಮೇಲೆ ಸ್ವಲ್ಪ ದೂರ ನೆಟ್ಟಗಿದೆ, ಅಲ್ಲಿ ದೊಡ್ಡ ಕಾಗದಗಳು; ಬೇತಮಂಗಲದ ಕೆರೆ ಏರಿಯ ಮೇಲೆ ಫೋಟೋಗಳು; ಬಂಗಾರಪೇಟೆಯ ರೈಲ್ವೆ ಗೇಟು ಮುಚ್ಚಿದ್ದರಂತೂ ನಿನಗೆ ಹಬ್ಬ. "ಗೇಟ್ ಆಕವ್ರೆ, ಬುಡು ಬುಡು, ಎಲ್ಡೂ ಕಡೆ ತೆಗೆಯೋವೂ ಬರ್ಲಿ!" ಊರಿಗಾಂ ಗಣಿ ಕಾರ್ಮಿಕರ ಲೈನಿನ ಅಜ್ಜಿಯರ ಹತ್ತಿರ ತಮಿಳು, ಗಡಿ ಕಡೆಯ ರೈತರ ಹತ್ತಿರ ತೆಲುಗು, ಬೈಯುವಾಗ ಮಾತ್ರ ಕನ್ನಡ. ಅಣ್ಣ ಕನ್ನಡಿಯಲ್ಲಿ ನಿನ್ನನ್ನು ನೋಡಿ ನಗುತ್ತಿದ್ದ.

ಅವನು ಹೋದದ್ದೂ ಆ ಏರಿಯ ಮೇಲೆಯೇ. ಎದೆ ಹಿಡಿದುಕೊಂಡಾಗಲೂ ಗಾಡಿಯನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ತಲೆ ಒರಗಿಸಿದ. ಹಿಂದೆ ನೀನಿದ್ದೀಯಲ್ಲ, ಅದಕ್ಕೆ. "ಏನ್ರೀ, ಯಾಕೆ ನಿಲ್ಸುದ್ರಿ?" ಎಂದು ಕೇಳಿ, ಉತ್ತರ ಬಾರದೆ, ಪ್ರಿಂಟ್ ಪೂರ್ತಿ ಹೊರಗೆ ಬರುವವರೆಗೂ ಕಾದೆಯಂತೆ. ಆ ಕಾದ ಹೊತ್ತಿಗಾಗಿ ನೀನು ನಿನ್ನನ್ನು ಎಷ್ಟು ಬೈದುಕೊಂಡಿದ್ದೀಯೋ — ನಾನು ಕೇಳಿಸಿಕೊಂಡಿದ್ದೇನೆ.

ಕರ್ಮವೆಲ್ಲ ಮುಗಿದ ಮೇಲೆ ನಾನು ಸ್ಟೇರಿಂಗ್ ಹಿಡಿದೆ. ನೀನು ಹಿಂದೆ ಕೂತೆ. ಪ್ರಿಂಟರ್ ಜೊತೆ ಮಾತಾಡಲು ಶುರುಮಾಡಿದೆ. ಮೊದಮೊದಲು ನನಗೆ ಭಯವಾಗುತ್ತಿತ್ತು. ಆಮೇಲೆ ತಮಾಷೆಯಾಯಿತು, ಆಮೇಲೆ ಅದೇ ಗಾಡಿಯ ಪದ್ಧತಿಯಾಯಿತು. ಕಾಗದ ಸಿಕ್ಕಿಕೊಂಡರೆ ಅದರ ತಲೆಗೆ ಮೆಲ್ಲಗೆ ತಟ್ಟಿ, "ಏನ್ರೀ, ಬೆಳಗ್ಬೆಳಗ್ಗೇನೇ ಸುರು ಅಚ್ಕೊಂಡ್ರಾ? ಪಾಪ ಆವಮ್ಮ ಬಿಸ್ಲಲ್ಲಿ ನಿಂತವ್ಳೆ, ಕೊಡ್ರಿ," ಎನ್ನುತ್ತಿದ್ದೆ. ಹಾಳಾದದ್ದು ಕೊಡುತ್ತಲೂ ಇತ್ತು! ಗಿರಾಕಿಗಳಿಗೂ ಅಭ್ಯಾಸವಾಯಿತು. ತೆಲುಗು ಮಾತಾಡುವ ಮುದುಕರು ಕಿಟಕಿಗೆ ಬಗ್ಗಿ, "ಏಮ್ಮಾ ರತ್ನಮ್ಮಾ, ಮೀ ಆಯನ ಏಮಂಟಾಡು?" ಎಂದು ಕೇಳುವರು — ನಿಮ್ಮ ಯಜಮಾನರು ಏನಂತಾರೆ ಎಂದು. "ಒಪ್ಕೊಂಡವ್ರೆ, ತಗಳಿ," ಎಂದು ನೀನು ಕಾಗದ ಕೊಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನೀನೂ ನಗುತ್ತಿದ್ದೆ, ಆದರೆ ಪೂರ್ತಿ ತಮಾಷೆಗಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮುರುಗೇಶಣ್ಣನ ಹೆಂಡತಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಮದುವೆ ಮಾಡಿ ಕಳಿಸಿದ್ದ. ಬ್ಯಾಟರಿಗೆ ನೀರು ಹಾಕಿಸಲು ಹೋದಾಗೆಲ್ಲ ನಿನಗೊಂದು ಸ್ಟೂಲು ಎಳೆದು ಹಾಕುತ್ತಿದ್ದ, ಅದನ್ನು ಮೊದಲು ತನ್ನ ಟವಲ್ಲಿನಿಂದ ಒರೆಸಿ. ಅವನ ಕನ್ನಡಕ್ಕೆ ನೀನು ನಗುತ್ತಿದ್ದೆ. ನಿನ್ನ ತಮಿಳಿಗೆ ಅವನು ನಗುತ್ತಿದ್ದ. ಅಣ್ಣ ಹೋದ ಮೇಲೆ ನಿನ್ನ ಗಂಟಲಿನಿಂದ ಆ ನಗೆ ಬಂದದ್ದನ್ನು ಕೇಳಿ ನನಗೆ ಸಂತೋಷವೇ ಆಯಿತು. ನಿಜವಾಗಿ ಆಯಿತು. ಎಲ್ಲಿಯವರೆಗೆ ಎಂದರೆ —

ಆ ಸಂಜೆಯವರೆಗೆ. ನೀನು ಅವರೆಕಾಯಿ ಬಿಡಿಸುತ್ತಿದ್ದೆ. ನಾನು ಎದುರಿಗೆ ಕೂತು ಕಾಳು ಕದ್ದು ತಿನ್ನುತ್ತಿದ್ದೆ. ನೀನು ತಲೆ ಎತ್ತದೆ ಹೇಳಿದೆ: "ಸೀನ, ಮುರುಗೇಶವ್ರು ಕೇಳವ್ರೆ. ನಾನು ಊಂ ಅಂದಿವ್ನಿ. ನಾಳೆ ಬಂಗಾರಪೇಟೆ ರಿಜಿಸ್ಟರ್ ಆಫೀಸ್ಗೆ ಕಾಗ್ದ ಕೊಟ್ಬುಡಾಣ ಅಂತ. ನಿಂಗೇನಾರಾ ಮನಸ್ನಾಗೆ ಇದ್ರೆ ಈಗ್ಲೇ ಏಳ್ಬುಡಪ್ಪ."

ಹೇಳಬಹುದಿತ್ತು. ಕೇಳಿದ್ದೆಯಲ್ಲ! ಬೇಡ ಅತ್ತಿಗೆ, ನನಗೆ ಹೆದರಿಕೆ, ನೀನು ಹೋದರೆ ಅಪ್ಪನೂ ಇಲ್ಲದ ಈ ಮನೆಯಲ್ಲಿ ನಾನೊಬ್ಬನೇ, ಊರಿನವರು ನನ್ನ ಮುಖ ನೋಡಿ ಏನೆಂದಾರು, ಅಣ್ಣನ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇದೆ — ಏನು ಬೇಕಾದರೂ ಹೇಳಬಹುದಿತ್ತು. ನೀನು ಕೂತು ಕೇಳುತ್ತಿದ್ದೆ, ಬೈಯುತ್ತಿದ್ದೆ, ಕೊನೆಗೆ ಸಮಾಧಾನವನ್ನೂ ಮಾಡುತ್ತಿದ್ದೆ. ನಾನು "ನಿನ್ನಿಷ್ಟ ಅತ್ಗೆ" ಎಂದು ಎದ್ದು ಹೋದೆ. ಇಪ್ಪತ್ತು ದಾಟಿದ ಗಂಡಸು, ಮತ್ತೆ ಮಂಚದ ಕೆಳಗೆ ಹೋಗಿ ಸೇರಿಕೊಂಡ ಹಾಗೆ. ನೀನು ನನ್ನ ಮಾತನ್ನು ಒಪ್ಪಿಗೆಯೆಂದೇ ತೆಗೆದುಕೊಂಡೆ. ನಾನು ನಿನಗೆ ಸುಳ್ಳು ಹೇಳುವವನು ಎಂದು ನಿನಗೆ ಹೇಗೆ ಗೊತ್ತಾಗಬೇಕು?

ಬೆಳಗ್ಗೆ ನೀನು ಮಾವಿನೆಲೆ ಬಣ್ಣದ ಸೀರೆ ಉಟ್ಟಿದ್ದೆ. ಮದುವೆ ನೋಂದಣಿಯ ಅರ್ಜಿಯನ್ನು ಮುರುಗೇಶಣ್ಣ ಫೋನಿಗೆ ಕಳಿಸಿದ್ದ. ನಿನ್ನ ವಿಳಾಸದ ದಾಖಲೆ, ಅಣ್ಣನ ಮರಣಪತ್ರ, ಎಲ್ಲ ಫೋನಿನಲ್ಲೇ ಇದ್ದವು. "ಊರಿಗಾಂ ಆದ್ಮ್ಯಾಕೆ ರಸ್ತೆ ನೆಟ್ಗೈತಲ್ಲ, ಅಲ್ಲಿ ತೆಗೀತೀನಿ," ಎಂದೆ. ಅವನು ನೇರವಾಗಿ ಬಂಗಾರಪೇಟೆಗೆ ಹೋಗಿ ಆಫೀಸಿನ ಮುಂದೆ ಕಾಯುವುದು ಎಂದು ಮಾತಾಗಿತ್ತು. ಆಂಡರ್ಸನ್‌ಪೇಟೆಯಲ್ಲಿ ಅವನ ಅಂಗಡಿ ಮುಚ್ಚಿತ್ತು. ಬಾಗಿಲಿಗೆ ಆಗಷ್ಟೇ ನೀರು ಹಾಕಿ ತೊಳೆದಿದ್ದರು. ನೀನು ಅದನ್ನು ನೋಡಿ, ನೋಡದವಳಂತೆ ಮುಖ ತಿರುಗಿಸಿ, "ತಡಿ, ಒಂದು ಮೊಳ ಊವು ತಕಂಡ್ ಬತ್ತೀನಿ," ಎಂದು ಇಳಿದೆ. ಆಗ ನಿನ್ನ ಮುಖದಲ್ಲಿ ಇದ್ದದ್ದನ್ನು ನಾನು ನೋಡಿದೆ. ಅದನ್ನು ನೋಡಿಯೂ ಕೈ ಹಾಕಿದೆ ಅತ್ತಿಗೆ. ನೋಡದೆ ಮಾಡಿದ್ದರೆ ಇನ್ನೊಂದು ಮಾತು. ಕ್ಲಿಪ್ಪಿನ ಮೇಲೆ ಮುರುಗೇಶಣ್ಣ ಸುತ್ತಿದ್ದ ಕಪ್ಪು ಟೇಪನ್ನು ಉಗುರಿನಿಂದ ಹರಿದು, ಕಿತ್ತು, ಮೇಲೆ ಗೋಣಿಚೀಲ ಎಳೆದುಬಿಟ್ಟೆ.

ಏನು ಅಂದುಕೊಂಡು ಕಿತ್ತೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ದೊಡ್ಡ ಯೋಚನೆಯೇನೂ ಇರಲಿಲ್ಲ. ಇವತ್ತೊಂದು ದಿನ ತಪ್ಪಲಿ — ಅಷ್ಟೇ. ನಾಳೆಗೆ ಏನಾದರೂ ಆಗಬಹುದು, ನೀನೇ ಮನಸ್ಸು ಬದಲಿಸಬಹುದು, ಅಥವಾ ನನಗೇ ಬುದ್ಧಿ ಬರಬಹುದು. ಅಷ್ಟು ಸಣ್ಣದು. ಆದರೆ ಮುಂದೆ ಆದದ್ದು ಸಣ್ಣದಲ್ಲ.

ಊರಿಗಾಂ ದಾಟಿತು. ನೀನು ಸ್ವಿಚ್ ಒತ್ತಿದೆ. ದೀಪ ಬರಲಿಲ್ಲ. ಮತ್ತೆ ಒತ್ತಿದೆ. ಕನ್ನಡಿಯಲ್ಲಿ ಕಾಣುತ್ತಿದ್ದೆ — ಪ್ರಿಂಟರಿನ ತಲೆ ತಟ್ಟಿದೆ, ಆದರೆ ಯಾವತ್ತಿನ ಬೈಗುಳವಿಲ್ಲ. ತುಂಬ ಮೆತ್ತಗೆ, "ಏನ್ರೀ…" ಎಂದೆ. ಅಷ್ಟೇ. ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತುಬಿಟ್ಟೆ. ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬಿಳಿ ಮಣ್ಣು ಗಾಜಿಗೆ ಬಡಿಯುತ್ತಿತ್ತು.

"ಇನ್ವರ್ಟರ್ ಓಗಿರ್ಬೇಕು ಅತ್ಗೆ," ಎಂದೆ ನಾನು. ಬ್ಯಾಟರಿ, ವೈರು ಎಲ್ಲ ನನ್ನ ಇಲಾಖೆ. ನೀನು ಬಗ್ಗಿಯೂ ನೋಡಲಿಲ್ಲ. ನನಗೇ ಅಳುಕಾಯಿತು. "ಆಫೀಸ್ ಮುಂದೆ ಜೆರಾಕ್ಸ್ ಅಂಗ್ಡಿಗಳು ಸಾಲಾಗಿ ಅವೆ. ಅಲ್ಲೇ ತೆಗ್ಸಾಣ ಬುಡು," ಎಂದೂ ಹೇಳಿದೆ. ಹೇಳಿದ್ದು ನಿಜ. ಇದು ನನ್ನ ಪರವಾದ ಸಾಕ್ಷಿಯಲ್ಲ, ನಡೆದದ್ದು ನಡೆದ ಹಾಗೆ ಇರಲಿ ಎಂದು ಬರೆದೆ.

ನೀನು ತಲೆ ಅಲ್ಲಾಡಿಸಿದೆ. "ಬ್ಯಾಡ ಕಣ್ಲಾ. ಬ್ಯಾರೆ ಕಡೆ ತೆಗ್ಸಂಗಿದ್ರೆ ನೆನ್ನೇನೇ ತೆಗ್ಸ್ತಿದ್ದೆ. ನಾನು ಅವ್ರನ್ನ ಕೇಳ್ಕೊಂಡಿದ್ದೆ… ನಿಮ್ಗೆ ಒಪ್ಗೆ ಇದ್ರೆ ನಿಮ್ ಮಿಷಿನ್ನಾಗೇ ಬರ್ಲಿ, ಇಲ್ದಿದ್ರೆ ಬ್ಯಾಡ ಅಂತ. ಬರ್ಲಿಲ್ಲ. ನಿಮ್ಮಣ್ಣ ಬ್ಯಾಡ ಅಂತಾವ್ರೆ. ಗಾಡಿ ತಿರುಗ್ಸು."

ಅತ್ತಿಗೆ, ಇಲ್ಲಿ ನಿಲ್ಲಬೇಕು. ಇಡೀ ಬರಹದಲ್ಲಿ ನಾನು ನಿಲ್ಲಬೇಕಾದ ಜಾಗ ಇದು. ನೀನು ಮನಸ್ಸಿನಲ್ಲಿ ಹಾಗೆ ಕೇಳಿಕೊಂಡಿದ್ದೆ ಎಂದು ಕ್ಲಿಪ್ಪು ಕೀಳುವಾಗ ನನಗೆ ಗೊತ್ತಿರಲಿಲ್ಲ. ಆದರೆ ನೀನು ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿಂದ ಮುಂದಿನದಕ್ಕೆ ನನಗೆ ನೆಪವಿಲ್ಲ. ಗಾಡಿ ನಿಲ್ಲಿಸಿ, ಗೋಣಿಚೀಲ ಸರಿಸಿ, "ಇದು ಅಣ್ಣ ಅಲ್ಲ, ನಾನು" ಎಂದರೆ ಮುಗಿಯುತ್ತಿತ್ತು. ನೀನು ಕಪಾಳಕ್ಕೆ ಒಂದು ಬಿಡುತ್ತಿದ್ದೆ, ಆಮೇಲೆ ಸ್ವಿಚ್ ಒತ್ತುತ್ತಿದ್ದೆ. ಬಂಗಾರಪೇಟೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ನಾಲಿಗೆಯ ತುದಿಯವರೆಗೆ ಬಂತು. ಬಂದದ್ದನ್ನು ನುಂಗಿದೆ. ನುಂಗಿ — ಥೂ, ಹೇಳಲು ನಾಚಿಕೆಯಾಗುತ್ತದೆ — ಒಳಗೊಳಗೇ ಹಗುರವಾಯಿತು. ಬೇಡ ಎನ್ನುವ ಕೆಲಸವನ್ನು ಅಣ್ಣನ ತಲೆಗೆ ಕಟ್ಟಿದೆ, ನನ್ನ ಕೈ ತೊಳೆದುಕೊಂಡೆ. ಗಾಡಿ ತಿರುಗಿಸಿದೆ.

ನೀನು ಮುಡಿದಿದ್ದ ಹೂವನ್ನು ತೆಗೆದು ಪ್ರಿಂಟರಿನ ಮೇಲೆ ಇಟ್ಟೆ. ಮುರುಗೇಶಣ್ಣನ ಫೋನು ಬಂತು. "ಇಲ್ಲಾಂಗ… ಮನೇಲಿ ಒಪ್ಗೆ ಆಗ್ಲಿಲ್ಲ," ಎಂದಷ್ಟೇ ಹೇಳಿ ನೀನು ಫೋನ್ ಇಟ್ಟೆ. ಮನೆ ಎಂದರೆ ನಾನೆಂದು ಅವನು ತಿಳಿದ. ಮನೆ ಎಂದರೆ ನೀನು ಅಣ್ಣನನ್ನು ಹೇಳಿದ್ದೆ. ನಿಮ್ಮಿಬ್ಬರಲ್ಲಿ ಅವನು ತಿಳಿದದ್ದೇ ಸರಿಯಾಗಿತ್ತು.

ಮಾರನೆಯ ಬೆಳಗ್ಗೆ, ನೀನು ಏಳುವ ಮುಂಚೆ, ಕ್ಲಿಪ್ಪು ಹಾಕಿಟ್ಟೆ. ಮನೆಯಲ್ಲಿ ಕಪ್ಪು ಟೇಪ್ ಇರಲಿಲ್ಲ, ಕೆಂಪು ಇತ್ತು, ಅದನ್ನೇ ಸುತ್ತಿದೆ. ನೀನು ಬಂದು ಸ್ವಿಚ್ ಒತ್ತಿದೆ. ದೀಪ ಬಂತು. "ಏನ್ ಮಾಡ್ದೆ?" ಎಂದು ಕೇಳಿದೆ. "ಏನಿಲ್ಲ ಅತ್ಗೆ, ತಾನಾಗೇ ಸರಿಯಾಗೋಯ್ತು," ಎಂದೆ. ಮೊದಲನೆಯದಕ್ಕಿಂತ ದೊಡ್ಡ ಸುಳ್ಳು ಇದು. ನೀನು ಬಹಳ ಹೊತ್ತು ಆ ದೀಪವನ್ನೇ ನೋಡುತ್ತಾ ಕೂತಿದ್ದೆ. "ನೋಡ್ದಾ? ಅದೊಂದು ಮಾತ್ರ ಕೊಡ್ಲಿಲ್ಲ," ಎಂದೆ. ನಿನಗೆ ಇದ್ದ ಅನುಮಾನವೂ ಹೋಯಿತು.

ಮುರುಗೇಶಣ್ಣ ಆ ವಾರವೇ ಬಂದ. ಇನ್ವರ್ಟರ್ ಕೆಟ್ಟಿದೆ ಎಂದು ಯಾರೋ ಹೇಳಿದರಂತೆ, ನೋಡಿಕೊಡಲು. ನೀನು ಒಳಗೇ ಇದ್ದೆ, ಹೊರಗೆ ಬರಲಿಲ್ಲ. ಅವನು ಗೋಣಿಚೀಲ ಸರಿಸಿ ಕೂತ. ಕೆಂಪು ಟೇಪನ್ನು ಬೆರಳಿನಿಂದ ಮುಟ್ಟಿ ನೋಡಿದ. ನನ್ನನ್ನು ನೋಡಿದ. ನಾನು ನೆಲ ನೋಡಿದೆ. "ಇದಕ್ಕೆ ಏನೂ ಆಗಿಲ್ಲ ತಂಬಿ," ಎಂದ, ಟವಲ್ಲಿಗೆ ಕೈ ಒರೆಸಿಕೊಳ್ಳುತ್ತಾ. ಆಮೇಲೆ ತಗ್ಗಿದ ದನಿಯಲ್ಲಿ: "ನಾನ್ ಹೇಳಲ್ಲ. ನೀನೇ ಹೇಳ್ಬೇಕು." ಅಂಗಳದಲ್ಲಿ ಒಂದು ಗಳಿಗೆ ನಿಂತು ಬಾಗಿಲ ಕಡೆ ನೋಡಿ ಹೊರಟುಹೋದ. ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ನಾನು ಹೇಳಲಿಲ್ಲ. ಇವತ್ತು ನಾಳೆ ಎನ್ನುತ್ತಾ ದಿನ ದೂಡಿದೆ. ಅವನು ಕಾದಿರಬೇಕು. ಕೊನೆಗೆ ಮಗಳು ಒತ್ತಾಯ ಮಾಡಿ ಕೃಷ್ಣಗಿರಿ ಕಡೆಯ ಸಂಬಂಧ ನೋಡಿದಳು, ಅಂಗಡಿ ಮುಚ್ಚಿ ಹೋದ. ಸುದ್ದಿ ಬಂದ ದಿನ ನೀನು, "ಒಳ್ಳೇದಾಗ್ಲಿ ಪಾಪ, ಒಂಟಿ ಜೀವ," ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ. ಎಂದೂ ಕಲ್ಲು ಬಿಡದವಳು ಅವತ್ತಿನ ಅನ್ನದಲ್ಲಿ ಎರಡು ಮೂರು ಕಲ್ಲು ಬಿಟ್ಟಿದ್ದೆ. ನಾನು ಕಡಿದು ನುಂಗಿದೆ.

ಆಮೇಲೆ ನನಗೂ ಮದುವೆಯಾಯಿತು. ಮಂಜುಳ ಬಂದಳು, ಪಾಪು ಬಂದ. ನೀನು ಅವನನ್ನು ಎತ್ತಿ ಆಡಿಸಿದೆ, ನಮ್ಮ ಮನೆ ತುಂಬಿತು. ಸರಿ, ಎಲ್ಲ ತಣ್ಣಗಾಯಿತು ಎಂದುಕೊಂಡೆ. ಒಂದು ಮಾತ್ರ ಗಮನಿಸಿದೆ, ಗಮನಿಸಿಯೂ ಸುಮ್ಮನಿದ್ದೆ: ನೀನು ಪ್ರಿಂಟರಿನ ಜೊತೆ ಮಾತಾಡುವುದನ್ನು ಬಿಟ್ಟೆ. ಕಾಗದ ಸಿಕ್ಕಿಕೊಂಡರೆ ಮುಚ್ಚಳ ತೆಗೆದು ಎಳೆಯುತ್ತೀಯ, ಅಷ್ಟೇ. ಮುದುಕರು, "ಮೀ ಆಯನ ಏಮಂಟಾಡು?" ಎಂದರೆ, "ಇಂಕ್ ಮುಗ್ದದಂತೆ," ಎಂದು ಮಾತು ಮುಗಿಸುತ್ತೀಯ. ಅಣ್ಣನ ಫೋಟೋಕ್ಕೆ ದಿನಾ ಒಂದು ಹೂವು ಸಿಕ್ಕಿಸುತ್ತಿದ್ದವಳು ನೀನು. ಈಗ ಆ ಕೆಲಸ ಮಂಜುಳ ಮಾಡುತ್ತಾಳೆ. ವಯಸ್ಸಾಗುತ್ತಾ ದುಃಖ ತಿಳಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಅನುಕೂಲವಾದ ಅರ್ಥ.

ಹೋದ ತಿಂಗಳು ಬೇತಮಂಗಲದ ಏರಿಯ ಮೇಲೆ ಬರುತ್ತಿದ್ದೆವು. ಯಾರದೋ ಮನೆಯ ಅಜ್ಜ ತೀರಿಕೊಂಡಿದ್ದರು. ಅವರ ಆಧಾರ್ ಪ್ರತಿ ಬೇಕೆಂದು ಹುಡುಗರು ಫೋನು ಮಾಡಿದ್ದರು. ನೀನು ಅದನ್ನು ತೆಗೆಯುತ್ತಾ, ನಾಳೆಗೆ ಸೊಪ್ಪು ತರಬೇಕು ಎನ್ನುವಷ್ಟು ಸಹಜವಾಗಿ ಹೇಳಿದೆ: "ಸೀನ, ನಾನು ಸತ್ರೆ ನಿಮ್ಮಣ್ಣನ ಪಕ್ಕ ಮಾತ್ರ ಮಣ್ಣು ಮಾಡ್ಬ್ಯಾಡ್ರಪ್ಪ. ಒಲದ ಆ ಕಡೆ ತುದೀಲಿ, ಉಣ್ಸೆ ಮರದತ್ರ ಎಲ್ಲಾನ ಆಕ್ಬುಡಿ."

ನಾನು ನಗಲು ನೋಡಿದೆ. "ಏನತ್ಗೆ, ಸತ್ ಮ್ಯಾಲೂ ಜಗ್ಳವಾ?"

"ಜಗ್ಳ ಅಲ್ಲ ಕಣ್ಲಾ. ಬದುಕಿದ್ದಾಗ ಒಂದಿನ ನಂಗೆ ಎದುರಾಡ್ದೋರಲ್ಲ. ನೀನು ಎಂಗಂತೀಯ ಅಂಗೇ ಅಂತಿದ್ರು. ಸತ್ ಮ್ಯಾಕೆ ಕಟ್ಟಾಕ್ಬುಟ್ರು ನನ್ನ. ಅಂಗಾದ್ರೆ ಬದುಕಿದ್ದಾಗ ಅಂದಿದ್ದೆಲ್ಲ ಬಾಯ್ ಮಾತಾ ಅನ್ಸ್ತದೆ… ಓಗ್ಲಿ ಬುಡು. ಆ ಕಡೆ ತುದೀಲಿ ಆಕು ಅಷ್ಟೇಯ."

ನಾನು ಗಾಡಿ ನಿಲ್ಲಿಸಿಬಿಟ್ಟೆ. "ಯಾಕ್ಲಾ ನಿಲ್ಸ್ದೆ?" ಎಂದೆ ನೀನು. "ಎಂಜಿನ್ ಬಿಸಿಯಾಗೈತೆ," ಎಂದೆ. ಮತ್ತೊಂದು ಸುಳ್ಳು. ಕೆರೆಯ ಕಡೆ ಇಳಿದು, ಮುಖಕ್ಕೆ ನೀರು ಹಾಕಿಕೊಂಡು ಬಂದೆ. ನನ್ನ ಕಣ್ಣು ಕೆಂಪಾಗಿದ್ದುದನ್ನು ನೋಡಿ, "ದೂಳು ಬಿತ್ತಾ? ಊದ್ಲಾ?" ಎಂದು ಸೆರಗು ಬಾಯಿಗೆ ಹಿಡಿದು ಬಂದೆಯಲ್ಲ —

ಇಲ್ಲ. ಇದನ್ನು ಪೂರ್ತಿ ಮಾಡಬೇಕು.

ನಾನು ನಿನ್ನಿಂದ ಮುರುಗೇಶಣ್ಣನನ್ನು ಕಸಿದೆ ಎಂದಷ್ಟೇ ಇಷ್ಟು ವರ್ಷ ತಿಳಿದಿದ್ದೆ. ಅದೇ ಸಾಕಷ್ಟು ದೊಡ್ಡ ಪಾಪವಾಗಿತ್ತು. ಏರಿಯ ಮೇಲೆ ಗೊತ್ತಾಯಿತು, ನಾನು ಅಣ್ಣನನ್ನೂ ಕಸಿದಿದ್ದೇನೆ. ಎದೆ ಒಡೆಯುವಾಗಲೂ ನಿನಗೋಸ್ಕರ ಹ್ಯಾಂಡ್‌ಬ್ರೇಕ್ ಎಳೆದವನನ್ನು, ಸತ್ತ ಮೇಲೂ ಹೆಂಡತಿಯ ಮೇಲೆ ಕಾವಲು ಕೂತ ಗಂಡನನ್ನಾಗಿ ಮಾಡಿದೆ. ನೀನು ಅವನ ಜೊತೆ ಮಾತು ಬಿಟ್ಟೆ. ಅವನು ಮಾಡದ ತಪ್ಪಿಗೆ. ನಿಮ್ಮಿಬ್ಬರ ಅಷ್ಟು ವರ್ಷದ ಸಂಸಾರದ ಮೇಲೆ ನಿನಗೇ ಸಂಶಯ ಬರುವ ಹಾಗೆ ಮಾಡಿದೆ. ಅವನು ಎದ್ದು ಬಂದು "ನಾನಲ್ಲ ಕಣೇ" ಎನ್ನಲಾರ. ಅಂಥವನ ಮೇಲೆ ಹೊರಿಸಿದೆ ನೋಡು, ಎಂಥ ತಮ್ಮ ನಾನು!

ಅಣ್ಣನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ ನನಗೆ ಗೊತ್ತಿಲ್ಲ. ಒಪ್ಪುತ್ತಿದ್ದ ಎಂದು ಹೇಳಿ ನಿನ್ನನ್ನು ಸಮಾಧಾನಪಡಿಸಲಾರೆ. ಅವನ ಬಾಯಲ್ಲಿ ನಾನು ಮಾತು ಇಟ್ಟದ್ದು ಒಂದು ಸಲವೇ ಸಾಕು. ನನಗೆ ಗೊತ್ತಿರುವುದು ಇಷ್ಟು: ಅವತ್ತು ಅವನು ಏನನ್ನೂ ಅನ್ನಲಿಲ್ಲ. ನೀನು ಕೇಳಿದೆ, ನಡುವೆ ನಾನು ಕೈ ಹಾಕಿದೆ.

ಚಿಕ್ಕವನಿದ್ದೆ, ನಿನ್ನನ್ನು ಬಿಟ್ಟಿರಲಾರದೆ ಮಾಡಿದೆ ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ. ಬಿಟ್ಟಿರಲಾರದವನು ಹೇಳಿಕೊಳ್ಳಬೇಕಿತ್ತು. ನೀನು ಅವರೆಕಾಯಿ ಪಕ್ಕಕ್ಕಿಟ್ಟು ಕೇಳುತ್ತಿದ್ದೆ.

ಇದನ್ನು ನಾಳೆ ಗಾಡಿಯಲ್ಲಿ ಪ್ರಿಂಟ್ ತೆಗೆದು ನಿನ್ನ ಕೈಗೆ ಕೊಡೋಣ ಎಂದು ಮೊದಲು ಅಂದುಕೊಂಡಿದ್ದೆ. ಬರೆಯುತ್ತಾ ಬರೆಯುತ್ತಾ ಅದು ಬೇಡವೆನ್ನಿಸಿತು. ಮತ್ತೆ ಆ ಮಿಷಿನ್ನಿನ ಹಿಂದೆ ಅವಿತುಕೊಳ್ಳುವುದು ಬೇಡ. ಬರೆದದ್ದು ನನ್ನ ನಾಲಿಗೆ ಹೊರಳಲಿ ಎಂದು. ನಾಳೆ ನಿನ್ನ ಎದುರು ಕೂತು ಬಾಯಲ್ಲೇ ಹೇಳುತ್ತೇನೆ. ನೀನು ಹೊಡೆ, ಬೈಯಿ, ಮಾತು ಬಿಡು. ಬೇರೆ ಮನೆ ಮಾಡು ಎಂದರೆ ಮಾಡುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನಗೆ ಗೊತ್ತು.

ಮುರುಗೇಶಣ್ಣನನ್ನು ನಾನು ತಂದುಕೊಡಲಾರೆ. ಅವನಿಗೆ ಈಗ ಅವನದೇ ಮನೆಯಿದೆ, ಅಲ್ಲಿ ನೆಮ್ಮದಿಯಾಗಿರಲಿ. ಅಣ್ಣನನ್ನು ತಂದುಕೊಡಬಲ್ಲೆ. ಅದೊಂದು ನನ್ನ ಕೈಯಲ್ಲಿದೆ.

ನಿನ್ನ ಮಣ್ಣು ಎಲ್ಲಿ ಆಗಬೇಕೆಂದು ನೀನೇ ಹೇಳು ಅತ್ತಿಗೆ, ಹುಣಸೆ ಮರದ ಹತ್ತಿರವೇ ಎಂದರೂ ಸರಿ, ಹಾಗೇ ಮಾಡುತ್ತೇನೆ. ಆದರೆ ಆ ಕೋಪಕ್ಕೆ ಮಾತ್ರ ಬೇಡ. ಆ ಕೋಪ ಅಣ್ಣನದಲ್ಲ, ನನ್ನದು. ಇಷ್ಟು ವರ್ಷ ಅವನು ಹೊತ್ತಿದ್ದು ಸಾಕು, ಇನ್ನು ನನಗೆ ಕೊಡು.